ಹಳೆ ಜರಿ ಸೀರೆಯಿಂದ ಡಿಸೈನರ್ ಲೇಬಲ್‌ವರೆಗೆ: ವಿಂಟೇಜ್ ಬಟ್ಟೆ ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಈ ಕೂಗು ಗೊತ್ತೇ ಇರುತ್ತದೆ: "ಹಳೇ ಜರಿ ಸೀರೆ ತಗೋತೀವಿ, ಹಳೇ ರೇಷ್ಮೆ ಸೀರೆ!" ಹಾಗೆ ಕೂಗುತ್ತ ಬರುವವರು ಸೀರೆಯನ್ನು ಉಡಲು ಕೊಳ್ಳುವುದಿಲ್ಲ. ಸುಟ್ಟು, ಜರಿಯಲ್ಲಿರುವ ಬೆಳ್ಳಿ ತೆಗೆಯುತ್ತಾರೆ. ಹೀಗೆ ಎಷ್ಟು ಧಾರೆ ಸೀರೆಗಳು ಬೂದಿಯಾಗಿವೆಯೋ ಲೆಕ್ಕವಿಲ್ಲ. ಇಬ್ಬರು ಕೂತು ದಿನಗಟ್ಟಲೆ ನೇಯ್ದ ಅಂಚು, ಈಗ ಯಾರೂ ಹಾಕದ ಬಣ್ಣ, ಎಲ್ಲ ಒಂದೇ ಬೆಂಕಿಗೆ ಹೋಗುತ್ತದೆ. ಆ ಕೂಗು ನಿಮ್ಮ ಬೀದಿಗೆ ಬರುವ ಮೊದಲೇ ನೀವು ಬೀರು ತೆಗೆಯಬೇಕು ಅನ್ನುವುದು ನನ್ನ ಆಸೆ.

ಸಾಮಾನ್ಯವಾಗಿ 20 ವರ್ಷ ದಾಟಿದ ಬಟ್ಟೆಯನ್ನು ವಿಂಟೇಜ್ ಅನ್ನುತ್ತಾರೆ, 100 ವರ್ಷ ದಾಟಿದ್ದನ್ನು ಆಂಟಿಕ್. ವಿಂಟೇಜ್ ಅಂದ ತಕ್ಷಣ ಪ್ಯಾರಿಸ್, ಮಿಲಾನ್ ನೆನಪಾಗುತ್ತದೆ. ಅದೂ ಇರಲಿ, ಅದರ ಬಗ್ಗೆಯೂ ಹೇಳುತ್ತೇನೆ. ಆದರೆ ನಮ್ಮ ಕಡೆಯವರು ಶುರು ಮಾಡಬೇಕಾದ್ದು ರೇಷ್ಮೆಯಿಂದ. ಗೂಡಿನಿಂದ ನೂಲು ಬಿಚ್ಚುವವರು ಪಕ್ಕದ ಬೀದಿಯಲ್ಲೇ ಇರುವಾಗ ಕಲಿಯಲು ಬೇರೆಲ್ಲಿಗೋ ಹೋಗಬೇಕಾಗಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ: ಹೆಸರು, ಲೇಬಲ್ಲು, ಅಂಗಡಿ ಎಲ್ಲ ಆಮೇಲೆ. ಮೊದಲು ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡುವುದನ್ನು ಕಲಿಯಿರಿ.

ಹಂತ 1: ಒಂದು ದಾರಿ ಹಿಡಿಯಿರಿ

ಸಿಕ್ಕಿದ್ದೆಲ್ಲ ತಂದು ತುಂಬಿದರೆ ಅದು ಸಂಗ್ರಹ ಆಗುವುದಿಲ್ಲ, ಬೀರು ತುಂಬುತ್ತದೆ ಅಷ್ಟೆ. ನಿಮ್ಮ ಮನೆತನದ ಹೆಂಗಸರ ಮದುವೆ ಸೀರೆಗಳು, ಧರ್ಮಾವರಂ ಸೀರೆಗಳು, ಹಳೆ ಮೈಸೂರು ಕ್ರೇಪ್, 1990ರ ದಶಕದ ಭಾರತೀಯ ಡಿಸೈನರ್‌ಗಳ ಬಟ್ಟೆ, ಹೀಗೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಆಮೇಲೆ ಬದಲಾಯಿಸಬಹುದು.

ಹಂತ 2: ರೇಷ್ಮೆ ಹೌದೋ ಅಲ್ಲವೋ ನೋಡಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ. ಅಲ್ಲಿಂದ ಯಾವುದಾದರೂ ಬಿಚ್ಚಾಣಿಕೆ ಘಟಕಕ್ಕೆ, ಆಮೇಲೆ ಹುರಿ ಹಾಕುವ ಮಿಷನ್ ಇರುವ ಕಡೆಗೆ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಒಂದು ಗೂಡಿನಿಂದ ಸುಮಾರು 700ರಿಂದ 1000 ಮೀಟರ್ ಎಳೆ ಬರುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಂಟು. ಆ ಅಂಟು ಹೋಗುವ ತನಕ ನೂಲು ಒರಟು, ಹೊಳಪಿಲ್ಲ. ಹೋದ ಮೇಲೆ ಅದೇ ನೂಲು ಬೆರಳಿಗೆ ಮೆತ್ತಗೆ ಸಿಗುತ್ತದೆ. ಈ ಎರಡನ್ನೂ ಒಮ್ಮೆ ಕೈಯಲ್ಲಿ ಹಿಡಿದವರಿಗೆ ಆರ್ಟ್ ಸಿಲ್ಕನ್ನು, ಅಂದರೆ ಕೃತಕ ರೇಷ್ಮೆಯನ್ನು, ರೇಷ್ಮೆ ಅಂತ ಮಾರುವುದು ಕಷ್ಟ.

ಅನುಮಾನ ಇದ್ದರೆ ಸೆರಗಿನ ಕುಚ್ಚಿನ ತುದಿಯಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆ ಕಟ್ಟುತ್ತದೆ. ಹತ್ತಿ, ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಹಾಸು (ಉದ್ದಕ್ಕೆ ಓಡುವ ನೂಲು) ಮತ್ತು ಹೊಕ್ಕು (ಅಡ್ಡಕ್ಕೆ ಓಡುವ ನೂಲು) ಎರಡರಿಂದಲೂ ಎಳೆ ತೆಗೆಯಿರಿ. ಹಾಸು ರೇಷ್ಮೆ, ಹೊಕ್ಕು ಬೇರೇನೋ ಇರುವ ಸೀರೆಗಳು ಬೇಕಾದಷ್ಟಿವೆ. ಬೇರೆಯವರ ಸೀರೆಯಾದರೆ ಕೇಳದೆ ಎಳೆಗೆ ಕೈ ಹಾಕಬೇಡಿ.

ಹಂತ 3: ಜರಿ ಪರೀಕ್ಷೆ

ಇಲ್ಲಿ ಆತುರ ಬೇಡ. ಹಳೆ ಸೀರೆಯ ಬೆಲೆ ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ.

ಅಸಲಿ ಜರಿ ಅಂದರೆ ತೆಳುವಾಗಿ ತಟ್ಟಿದ ಬೆಳ್ಳಿ ತಂತಿಯನ್ನು ರೇಷ್ಮೆ ಎಳೆಯ ಮೇಲೆ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಒಳಗಿನ ರೇಷ್ಮೆ ಎಳೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿರುತ್ತಾರೆ. ಸೀರೆಯ ಕೊನೆಯಲ್ಲಿ, ಅಂಚು ಕತ್ತರಿಸಿದ ಜಾಗದಲ್ಲಿ, ಒಂದು ಜರಿ ಎಳೆಯ ತುದಿ ಸಿಗುತ್ತದೆ. ಅದನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ತಂತಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಒಳಗಿಂದ ಕೆಂಪು ನೂಲು ಇಣುಕುತ್ತದೆ. ಬಿಚ್ಚಿದ ತಂತಿ ಬೆಳ್ಳಗೆ ಹೊಳೆದರೆ ಬೆಳ್ಳಿ ಇರುವ ಸಂಭವ ಜಾಸ್ತಿ. ತಾಮ್ರದ ಬಣ್ಣ ಕಂಡರೆ ಅದು ಟೆಸ್ಟೆಡ್ ಜರಿ, ಅಂದರೆ ತಾಮ್ರದ ತಂತಿಗೆ ಬೆಳ್ಳಿ ಬಳಿದದ್ದು. ತಂತಿಯೇ ಇಲ್ಲದೆ ಹೊಳೆಯುವ ಪಟ್ಟಿಯಂತೆ ಹರಿದು ಬಂದರೆ ಪ್ಲಾಸ್ಟಿಕ್ ಜರಿ.

ಕೆಂಪು ನೂಲು ಕಂಡದ್ದಕ್ಕೇ ಅಸಲಿ ಅಂತ ತೀರ್ಮಾನಿಸಬೇಡಿ. ನಕಲಿ ಜರಿಗೂ ಕೆಂಪು ನೂಲು ಹಾಕುವುದುಂಟು. ನಂಬಿಕೆಯ ಅಕ್ಕಸಾಲಿಗರ ಹತ್ತಿರ ಒರೆಗಲ್ಲಿಗೆ ಉಜ್ಜಿಸಿ ನೋಡಿಸಿ.

ಹಳೆ ಜರಿ ಕಪ್ಪಾಗಿದ್ದರೆ ಹೆದರಬೇಡಿ. ಬೆಳ್ಳಿಗೆ ಗಾಳಿಯಲ್ಲಿರುವ ಗಂಧಕ ತಾಗಿದರೆ ಕಪ್ಪಾಗುತ್ತದೆ.  ದಯವಿಟ್ಟು ಅದನ್ನು ಹೊಳೆಯಿಸಲು ನಿಂಬೆಹುಳಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಜರಿಯ ಮೇಲಿನ ಚಿನ್ನದ ಲೇಪ ಬಹಳ ತೆಳು. ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65 ಎಂದು ಅದನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿ ಹೇಳುತ್ತದೆ. ಅಷ್ಟು ಸಣ್ಣ ಪದರ ಒಂದು ಸಲ ಉಜ್ಜಿದರೆ ಹೋಯಿತು.

ಹಂತ 4: ನೇಯ್ಗೆಯನ್ನು ಹಿಂಬದಿಯಿಂದ ನೋಡಿ

ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇದೆ ಅಂದುಕೊಳ್ಳಿ. ಮೈಯ ಹೊಕ್ಕು ನೂಲು ಅಂಚಿನೊಳಗೂ ಓಡಿದ್ದರೆ ಅಂಚಿನ ಬಣ್ಣ ಕಲಸಿದಂತೆ ಕಾಣುತ್ತದೆ. ಹಸಿರು ಮೈಗೆ ಕೆಂಪು ಅಂಚು ಇದ್ದರೆ ಆ ಕೆಂಪಿನಲ್ಲಿ ಸ್ವಲ್ಪ ಹಸಿರಿನ ಛಾಯೆ ಇರುತ್ತದೆ. ಕೊರ್ವೈ ಸೀರೆಯಲ್ಲಿ ಹಾಗಲ್ಲ. ಹೊಕ್ಕು ನೂಲನ್ನು ಹೊತ್ತು ಓಡುವ ಲಾಳಿ ಮೂರು ಬಳಸುತ್ತಾರೆ. ಮೈಗೆ ಒಂದು, ಎರಡು ಅಂಚಿಗೆ ಒಂದೊಂದು. ಮೈಯ ನೂಲು ಅಂಚಿನ ನೂಲಿಗೆ ಕೊಂಡಿ ಹಾಕಿಕೊಂಡು ಹಿಂದಕ್ಕೆ ಬರುತ್ತದೆ. ಅದಕ್ಕೇ ಕೆಂಪು ಕೆಂಪಾಗಿಯೇ ಇರುತ್ತದೆ. ನೇಕಾರರ ಜೊತೆ ಇನ್ನೊಬ್ಬರು ಕೂತು ಲಾಳಿ ದಾಟಿಸಬೇಕು. ಸೀರೆ ತಿರುಗಿಸಿ ಆ ಸೇರುವ ಗೆರೆಯ ಮೇಲೆ ಬೆರಳಾಡಿಸಿ. ಸಣ್ಣ ಉಬ್ಬು ಸಿಗುತ್ತದೆ. ಹಳೆ ಕಂಚಿ ಸೀರೆ ನೋಡುವಾಗ ನನ್ನ ಬೆರಳು ಮೊದಲು ಹೋಗುವುದು ಅಲ್ಲಿಗೇ.

ಬುಟ್ಟಾದ ಹಿಂಬದಿಯನ್ನೂ ನೋಡಿ. ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಎಳೆಗಳು ಸಡಿಲವಾಗಿ ಹಾದಿವೆಯೋ, ಕತ್ತರಿಸಿದ ತುದಿಗಳಿವೆಯೋ, ಪ್ರತಿ ಬುಟ್ಟಾವೂ ಅಲ್ಲಲ್ಲೇ ಮುಗಿದಿದೆಯೋ ಗಮನಿಸಿ. ಕೊನೆಯದು ಕೈಯಲ್ಲಿ ಹೆಣೆದದ್ದು, ಶ್ರಮ ಹೆಚ್ಚು. ಸೀರೆಯ ಎರಡು ಬದಿಯಲ್ಲಿ ಕಾಣುವ ಸೂಜಿ ತೂತುಗಳನ್ನು ಕೈಮಗ್ಗದ ಗುರುತು ಎಂದು ಹೇಳುವವರಿದ್ದಾರೆ. ಪವರ್‌ಲೂಮ್‌ನಲ್ಲೂ ಅಂಥ ಗುರುತು ಬೀಳುತ್ತದೆ. ಅದೊಂದನ್ನೇ ನಂಬಬೇಡಿ.

ನೇಯುವುದನ್ನು ಕಣ್ಣಾರೆ ನೋಡಬೇಕು ಅಂದರೆ ತುಮಕೂರು ಜಿಲ್ಲೆಯವರಿಗೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ಇದೆ. ನಮಗೆ ಹಿಂದೂಪುರ ದಾಟಿದರೆ ಧರ್ಮಾವರಂ.

ಹಂತ 5: ವಯಸ್ಸು ಕಂಡುಹಿಡಿಯುವುದು

"ನೂರು ವರ್ಷದ ಸೀರೆ" ಅಂತ ಎಲ್ಲರೂ ಹೇಳುತ್ತಾರೆ. ಪ್ರೀತಿಯಿಂದ ಹೇಳುತ್ತಾರೆ, ಆದರೆ ಬರೆದಿಡುವ ಮೊದಲು ಸಾಕ್ಷಿ ಬೇಕು. ಸೀರೆ ಜೊತೆ ಬಂದ ಡಬ್ಬಿ, ಚೀಲ, ಬಿಲ್ಲು ಯಾವುದನ್ನೂ ಎಸೆಯಬೇಡಿ. ಅವುಗಳಿಂದ ಎಷ್ಟು ತಿಳಿಯುತ್ತದೆ ನೋಡಿ.

ಬಿಲ್ಲಿನಲ್ಲಿ ರೂಪಾಯಿ, ಆಣೆ, ಪೈ ಲೆಕ್ಕ ಇದ್ದರೆ ಅದು 1957ರ ಆಸುಪಾಸಿನದು ಅಥವಾ ಅದಕ್ಕೂ ಹಿಂದಿನದು. ಆ ವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದಿರಬೇಕು. ನಮ್ಮ ಊರಿನ ಒಂದು ಗುರುತು ನನಗೆ ಬಹಳ ಇಷ್ಟ: ಚಿಕ್ಕಬಳ್ಳಾಪುರದ ಅಂಗಡಿಯ ಚೀಲದ ಮೇಲೆ "ಕೋಲಾರ ಜಿಲ್ಲೆ" ಎಂದು ಅಚ್ಚಾಗಿದ್ದರೆ ಅದು ಹೆಚ್ಚಾಗಿ 2007ಕ್ಕಿಂತ ಹಿಂದಿನದು. ನಮ್ಮದು ಬೇರೆ ಜಿಲ್ಲೆಯಾದದ್ದು ಆ ವರ್ಷವೇ. ಅಂಗಡಿಯವರು ಹಳೆ ಚೀಲಗಳನ್ನು ಮುಗಿಯುವ ತನಕ ಬಳಸುತ್ತಾರೆ, ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಟ್ಟುಕೊಳ್ಳಿ.

ಅಸಲಿ ರೇಷ್ಮೆ ಎಂದು ಹೇಳುವ ಸಿಲ್ಕ್ ಮಾರ್ಕ್ ಚೀಟಿ ಬಂದದ್ದು 2004ರಲ್ಲಿ, ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ. ಆ ಚೀಟಿ ಇರುವ ಸೀರೆಯನ್ನು 1980ರದ್ದು ಎಂದು ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ. ಹಾಗೇ ಚೀಟಿ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾಯಿತು. ಈಗಿನ ಮೈಸೂರು ಸಿಲ್ಕ್ ಸೀರೆಗೆ ಗುರುತಿನ ಸಂಖ್ಯೆ, ಹೊಲೊಗ್ರಾಂ ಎಲ್ಲ ಇದೆ. ನಿಮ್ಮ ಅಜ್ಜಿಯ ಕ್ರೇಪ್ ಸೀರೆಯಲ್ಲಿ ಹೊಲೊಗ್ರಾಂ ಹುಡುಕಿ ಪ್ರಯೋಜನ ಇಲ್ಲ.

ಕಾಗದ ಏನೂ ಇಲ್ಲದಿದ್ದರೆ ಮದುವೆ ಫೋಟೋ ಹುಡುಕಿ. ಕಪ್ಪು ಬಿಳುಪು ಫೋಟೋದಲ್ಲೂ ಅಂಚಿನ ವಿನ್ಯಾಸ ಚೆನ್ನಾಗಿ ಕಾಣುತ್ತದೆ. ಭೂತಗನ್ನಡಿ ಹಿಡಿದು ಹೋಲಿಸಿ.

ಹಂತ 6: ಹೊಲಿದ ಬಟ್ಟೆ ಮತ್ತು ಡಿಸೈನರ್ ಲೇಬಲ್

ಸೀರೆ ನೋಡಿ ಪಳಗಿದ ಕಣ್ಣು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಕೈ ಕಸೂತಿಯ ಹಿಂಬದಿಯಲ್ಲಿ ಗಂಟುಗಳು, ಹೆಚ್ಚುಕಡಿಮೆ ಉದ್ದದ ಹೊಲಿಗೆಗಳು ಕಾಣುತ್ತವೆ. ಮಿಷನ್ ಕಸೂತಿಯ ಹಿಂಬದಿಯಲ್ಲಿ ಬಾಬಿನ್ ದಾರ ಒಂದೇ ಸಮ ಓಡಿರುತ್ತದೆ. ಬ್ಲಾಕ್ ಪ್ರಿಂಟ್ ಆದರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಆ ಸಣ್ಣ ತಪ್ಪೇ ಕೈಯ ಗುರುತು.

ನಮ್ಮ ದೇಶದ ಡಿಸೈನರ್ ಬಟ್ಟೆಗಳಲ್ಲಿ ಹುಡುಕಬೇಕಾದ ಕಾಲ ನನ್ನ ಪ್ರಕಾರ 1970ರಿಂದ 2000. ರಿತು ಕುಮಾರ್ ಕೋಲ್ಕತ್ತದಲ್ಲಿ 1969ರಲ್ಲಿ ಬ್ಲಾಕ್ ಪ್ರಿಂಟ್‌ನಿಂದ ಶುರು ಮಾಡಿದರು. ಪ್ರಿಂಟ್ ಸೀರೆಗಳಿಗೆ ಹೆಸರಾದ ಸತ್ಯ ಪಾಲ್ ಲೇಬಲ್ 1985ರದ್ದು. ದೆಹಲಿಯಲ್ಲಿ ಫ್ಯಾಷನ್ ಕಲಿಸುವ ಸಂಸ್ಥೆ ನಿಫ್ಟ್ ಬಂದದ್ದು 1986ರಲ್ಲಿ, ಮುಂಬೈಯಲ್ಲಿ ತರುಣ್ ತಹಿಲಿಯಾನಿ 'ಆನ್‌ಸಾಂಬ್ಲ್' ಅಂಗಡಿ ತೆರೆದದ್ದು 1987ರಲ್ಲಿ. ಆ ಕಾಲದ ಬಟ್ಟೆಗಳು ಬೆಂಗಳೂರಿನ ಮನೆಗಳಲ್ಲಿ ಇನ್ನೂ ಇವೆ, ಮಾಲೀಕರಿಗೇ ಅದರ ಬೆಲೆ ತಿಳಿದಿರುವುದಿಲ್ಲ.

ವಿದೇಶಿ ಬಟ್ಟೆಯಾದರೆ ಲೇಬಲ್ಲಿನ ಸುತ್ತಮುತ್ತ ನೋಡಿ. ಉಣ್ಣೆ ಬಟ್ಟೆಯ ಊಲ್‌ಮಾರ್ಕ್ ಚಿಹ್ನೆ 1964ರ ನಂತರದ್ದು. ಒಗೆಯುವ ಸೂಚನೆಯ ಚೀಟಿ ಹೊಲಿಯುವುದನ್ನು ಅಮೆರಿಕದಲ್ಲಿ ಕಡ್ಡಾಯ ಮಾಡಿದ್ದು 1972ರಲ್ಲಿ. "ಪಶ್ಚಿಮ ಜರ್ಮನಿ" ಎಂದಿದ್ದರೆ 1990ಕ್ಕಿಂತ ಹಿಂದಿನದು. ಲೋಹದ ಜಿಪ್ ಇರುವ ಹೆಂಗಸರ ಉಡುಪು ಹೆಚ್ಚಾಗಿ 1960ರ ದಶಕದ್ದು ಅಥವಾ ಅದಕ್ಕೂ ಹಿಂದಿನದು. ಆಮೇಲೆ ನೈಲಾನ್ ಜಿಪ್ ಬಂತು. ಲೀವೈಸ್ ಜೀನ್ಸಿನ ಕೆಂಪು ಚೀಟಿಯಲ್ಲಿ ಹೆಸರಿನ ಇ ಅಕ್ಷರವೂ ದೊಡ್ಡಕ್ಷರದಲ್ಲಿದ್ದರೆ 1971ಕ್ಕಿಂತ ಮುಂಚಿನದಿರಬಹುದು, ಆದರೆ ಹಳೆ ಮಾದರಿಯಲ್ಲೇ ಮತ್ತೆ ಹೊಲಿದ ಹೊಸ ಪ್ಯಾಂಟುಗಳಲ್ಲೂ ಅದು ಇದೆ. ಪ್ಯಾರಿಸ್‌ನ ಎರ್ಮೆಸ್ ಕಂಪನಿಯ ರೇಷ್ಮೆ ಸ್ಕಾರ್ಫ್ 1937ರಿಂದ ಬಂದದ್ದು, ಅಳತೆ 90 ಸೆಂ.ಮೀ. ಚೌಕ. ಅದರ ಅಂಚನ್ನು ಕೈಯಲ್ಲಿ ಸುತ್ತಿ, ಮುಂಬದಿಗೆ ಮಡಚಿ ಹೊಲಿದಿರುತ್ತಾರೆ. ಮಿಷನ್ ಹೊಲಿಗೆಯ ಚಪ್ಪಟೆ ಅಂಚು ಕಂಡರೆ ಅಲ್ಲಿಗೇ ಬಿಡಿ.

ಕೋಲಾರದವರಿಗೆ ಒಂದು ವಿಶೇಷ ಅವಕಾಶ ಇದೆ. ಕೆ.ಜಿ.ಎಫ್.ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ, ಬ್ರಿಟಿಷರ ಬಂಗಲೆ, ಕ್ಲಬ್ಬು, ಆಂಗ್ಲೋ ಇಂಡಿಯನ್ ಕುಟುಂಬಗಳು. 2001ರಲ್ಲಿ ಗಣಿ ಮುಚ್ಚಿದಾಗ ಎಷ್ಟೋ ಜನ ಊರು ಬಿಟ್ಟರು. ಆ ಕಡೆ ಹಳೆ ಕೋಟು, ಗೌನು, ಲೇಸ್ ಸಿಕ್ಕರೆ ಒಳಗಿನ ಜೇಬು ತಿರುಗಿಸಿ ನೋಡಿ. ಅಳತೆ ಕೊಟ್ಟು ಹೊಲಿಸಿದ ಇಂಗ್ಲಿಷ್ ಕೋಟಿನ ಒಳಜೇಬಿನಲ್ಲಿ ದರ್ಜಿಯ ಚೀಟಿ ಇರುತ್ತದೆ, ಅದರ ಮೇಲೆ ಗಿರಾಕಿಯ ಹೆಸರು, ದಿನಾಂಕ ಶಾಯಿಯಲ್ಲಿ ಬರೆದಿರುತ್ತಾರೆ. ಎದೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಮೇಲಿನ ಬಟ್ಟೆ, ಒಳಗಿನ ಲೈನಿಂಗ್ ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಿದರೆ ಕೈಯಲ್ಲಿ ಕ್ಯಾನ್ವಾಸ್ ಹೊಲಿದ ಕೋಟು ಅದು.

ಹಂತ 7: ಎಲ್ಲಿ ಹುಡುಕಬೇಕು, ಹೇಗೆ ಕೇಳಬೇಕು

ಮೊದಲು ಸ್ವಂತ ಬಂಧುಬಳಗ. ಆಮೇಲೆ ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂಡೇ ಬಜಾರ್. ಅಲ್ಲಿಗೆ ಬೆಳಗಿನ ಜಾವವೇ ಹೋಗಬೇಕು. ದೇವಿಗೆ ಉಡಿಸಿದ ಸೀರೆಗಳನ್ನು ದೇವಸ್ಥಾನಗಳಲ್ಲಿ ಹರಾಜು ಹಾಕುತ್ತಾರೆ, ಅದನ್ನೂ ವಿಚಾರಿಸಿ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಜೊತೆ ಪರಿಚಯ ಬೆಳೆಸಿಕೊಳ್ಳಿ. ರೇಷ್ಮೆ ಬಂದರೆ ನನಗೆ ಮೊದಲು ತೋರಿಸಿ ಎಂದು ಹೇಳಿಡಿ, ಅವರಿಗೂ ಲಾಭ.

ಹಿರಿಯರ ಮನೆಗೆ ಹೋದಾಗ ಬೆಲೆಯಿಂದ ಮಾತು ಶುರು ಮಾಡಬಾರದು. "ಅಜ್ಜೀ, ಇದು ನಿಮ್ಮ ಧಾರೆ ಸೀರೇನಾ? ಎಲ್ಲಿ ತಂದಿದ್ದು? ಜೊತೆಗೆ ಯಾರು ಹೋಗಿದ್ರು?" ಎಂದು ಕೇಳಿ. ನಮ್ಮ ಕಡೆ ಅರ್ಧ ಉತ್ತರ ತೆಲುಗಿನಲ್ಲೇ ಬರುತ್ತದೆ. ಬಂದ ಹಾಗೇ ಬರೆದುಕೊಳ್ಳಿ, ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಮಾರಲು ಒಪ್ಪಿದರೆ ಜರಿಯಲ್ಲಿ ಎಷ್ಟು ಬೆಳ್ಳಿ ಇರಬಹುದು, ಅದಕ್ಕೆ ಜರಿಯವರು ಎಷ್ಟು ಕೊಡುತ್ತಾರೆ ಎಂದು ನೀವೇ ಹೇಳಿ, ಅದಕ್ಕಿಂತ ಜಾಸ್ತಿ ಕೊಡಿ. ಗೊತ್ತಿಲ್ಲದವರ ಹತ್ತಿರ ಕಮ್ಮಿಗೆ ಹೊಡೆದುಕೊಂಡು ಬರುವುದನ್ನು ನಾನು ಜಾಣತನ ಎನ್ನುವುದಿಲ್ಲ. ಮಾರದಿದ್ದರೆ ಫೋಟೋ ತೆಗೆದುಕೊಂಡು, ಹೇಗೆ ಇಡಬೇಕು ಎಂದು ಹೇಳಿಕೊಟ್ಟು ಬನ್ನಿ. ಸೀರೆ ಉಳಿದರೆ ಸಾಕು.

ಕಾನೂನಿನ ಎರಡು ಮಾತು. 100 ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ನಮ್ಮಂಥ ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಚಿರು ಎಂಬ ಕಾಡುಪ್ರಾಣಿಯ ಉಣ್ಣೆಯ ಶಹತೂಷ್ ಶಾಲು, ದಂತದ ಗುಂಡಿ, ಕಾಡುಪ್ರಾಣಿಗಳ ಚರ್ಮದ ಕಾಲರ್ ಎಷ್ಟೇ ಹಳೆಯದಿರಲಿ, ಎಷ್ಟೇ ಅಗ್ಗವಿರಲಿ, ಕೊಳ್ಳಬೇಡಿ.

ಹಂತ 8: ಮನೆಗೆ ತಂದ ಮೇಲೆ

ನೇರವಾಗಿ ಬೀರುವಿಗೆ ಇಡಬೇಡಿ. ಹುಳ, ಮೊಟ್ಟೆ ಇರಬಹುದು. ಉಣ್ಣೆ ಅಥವಾ ರೇಷ್ಮೆಯನ್ನು ಗಾಳಿಯಾಡದ ಕವರಿನಲ್ಲಿ ಹಾಕಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಎರಡು ವಾರ ಇಡುವುದು ಮ್ಯೂಸಿಯಂಗಳ ಪದ್ಧತಿ. ಹೊರತೆಗೆದ ಮೇಲೆ ಕವರು ತೆರೆಯದೆ ಒಂದು ದಿನ ಬಿಡಬೇಕು, ಇಲ್ಲದಿದ್ದರೆ ತೇವ ಬಟ್ಟೆಗೆ ಕೂರುತ್ತದೆ. ಮಣಿ, ಗಾಜು, ಬಣ್ಣ ಬಳಿದ ಕೆಲಸ ಇರುವ ಬಟ್ಟೆಗೆ ಇದು ಬೇಡ. ಬೇರೆ ಇಟ್ಟು, ಪದೇ ಪದೇ ನೋಡುತ್ತಿರಿ.

ತೊಳೆಯುವ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ಜರಿ ಇದ್ದರೆ ನೀರು ಬೇಡ. ಮೃದು ಬ್ರಷ್‌ನಿಂದ ದೂಳು ತೆಗೆದು, ನೆರಳಲ್ಲಿ ಗಾಳಿಗೆ ಹಾಕಿದರೆ ಸಾಕು. ಜರಿ ಇಲ್ಲದ ಗಟ್ಟಿ ಬಟ್ಟೆಯನ್ನು ಅಂಟುವಾಳದ ತಿಳಿನೀರಲ್ಲಿ ತೊಳೆಯಬಹುದು. ಮೊದಲು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಹಳೆ ಸೀರೆಯನ್ನು ಪಾಲಿಶ್, ರೋಲ್ ಪ್ರೆಸ್‌ಗೆ ಕೊಡಬೇಡಿ. ಗಂಜಿ, ಬಿಸಿ, ಒತ್ತಡ ಮೂರೂ ಸೇರಿದರೆ ಮಡಿಕೆಯಲ್ಲಿ ಸೀಳುತ್ತದೆ. ಹರಿದ ಕಡೆ ಗೋಂದು, ಇಸ್ತ್ರಿಯಲ್ಲಿ ಅಂಟಿಸುವ ಪೇಸ್ಟಿಂಗ್ ಬಟ್ಟೆ ಹಾಕಬೇಡಿ. ಅಡಿಯಲ್ಲಿ ತೆಳು ಮೆತ್ತನೆ ಬಟ್ಟೆ ಇಟ್ಟು, ಸಣ್ಣ ಸೂಜಿಯಲ್ಲಿ ಸಡಿಲವಾಗಿ ಹೊಲಿಯಿರಿ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಚ್ಚಲು ಬರಬೇಕು.

ಹಂತ 9: ಇಡುವ ರೀತಿ

ರೇಷ್ಮೆಗೆ ಬೆಳಕು, ಬೆವರು, ಒಂದೇ ಮಡಿಕೆ ಈ ಮೂರೂ ಶತ್ರುಗಳು. ತೊಳೆದು ಮೆತ್ತಗಾದ ಬಿಳಿ ಪಂಚೆ ಅಥವಾ ಬಣ್ಣ ಹಾಕದ ಮಲ್ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರು ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಮಡಿಕೆಯೊಳಗೆ ಒಂದು ತೆಳು ಬಟ್ಟೆಯ ಸುರುಳಿ ಇಟ್ಟರೆ ಎಳೆ ಮುರಿಯುವುದಿಲ್ಲ. ತೀರಾ ಹಳೆಯದನ್ನು ಬಟ್ಟೆ ಸುತ್ತಿದ ಕೊಳವೆಗೆ ಸುತ್ತಿಡಿ. ಭಾರದ ಸೀರೆ, ಮಣಿ ಕೆಲಸದ ಜಾರ್ಜೆಟ್ ಹ್ಯಾಂಗರ್‌ಗೆ ಹಾಕಿದರೆ ತನ್ನ ಭಾರಕ್ಕೇ ಹರಿಯುತ್ತದೆ. ನುಸಿಗುಳಿಗೆ ಬಟ್ಟೆಗೂ ಜರಿಗೂ ತಾಗಬಾರದು, ನಾನಂತೂ ಇಡುವುದೇ ಇಲ್ಲ. ಬಜೆ ಬೇರನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡುವ ನಮ್ಮ ಹಳೆ ರೂಢಿ ಒಳ್ಳೆಯದು. ಹಿಂಗಾರು ಮುಗಿದು ಗಾಳಿ ಒಣಗಿದ ಮೇಲೆ, ಸಂಕ್ರಾಂತಿ ಹೊತ್ತಿಗೆ, ಎಲ್ಲವನ್ನೂ ಒಮ್ಮೆ ನೆರಳಲ್ಲಿ ಹರಡಿ.

ಪ್ರತಿ ಬಟ್ಟೆಗೂ ಒಂದು ಸಂಖ್ಯೆ ಕೊಡಿ. ಹತ್ತಿ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಎರಡು ಹೊಲಿಗೆ ಹಾಕಿ. ಸ್ಟಿಕ್ಕರ್, ಪಿನ್ ಬೇಡ. ಪುಸ್ತಕದಲ್ಲಿ ಆ ಸಂಖ್ಯೆ ಎದುರು ಉದ್ದ, ಅಗಲ, ತೂಕ, ಯಾರದ್ದು, ಎಲ್ಲಿಂದ ಬಂತು, ವಯಸ್ಸಿಗೆ ಏನು ಸಾಕ್ಷಿ ಎಂದು ಬರೆಯಿರಿ. ಮುಂಬದಿ, ಹಿಂಬದಿ, ಸೆರಗು, ಹಾಳಾದ ಜಾಗ, ಎಲ್ಲದರ ಫೋಟೋ ಇರಲಿ.

ಹಂತ 10: ಕಣ್ಣು ಬೆಳೆಸುವುದು, ಉಡುವುದು

ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರ) ಮ್ಯೂಸಿಯಂನಲ್ಲಿ ಬಟ್ಟೆಗಳ ಪ್ರದರ್ಶನ ಇದೆಯಾ ವಿಚಾರಿಸಿ. 1974ರಿಂದ ಇರುವ ವಿಮೋರ್ ಸಂಸ್ಥೆಯವರು ಹಳೆ ಸೀರೆಗಳ ವಿನ್ಯಾಸವನ್ನು ನೇಕಾರರ ಕೈಯಲ್ಲಿ ಮತ್ತೆ ನೇಯಿಸುತ್ತಾರೆ, ಅದನ್ನೂ ನೋಡಬೇಕು. ದೂರ ಹೋಗುವವರಿಗೆ ಅಹಮದಾಬಾದಿನಲ್ಲಿ ಬಟ್ಟೆಗಳದ್ದೇ ಆದ ಕ್ಯಾಲಿಕೊ ಮ್ಯೂಸಿಯಂ ಇದೆ, 1949ರದ್ದು. ಮುಂಚೆಯೇ ಬುಕ್ ಮಾಡಿಕೊಂಡು ಹೋಗಿ.

ಉಡಬೇಕೋ ಬೇಡವೋ ಅಂತ ಎಲ್ಲರೂ ಕೇಳುತ್ತಾರೆ. ಮಡಿಕೆಯ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಎಳೆ ಕಡಿದು ಸಣ್ಣ ಸಣ್ಣ ಬೆಳಕಿನ ಕಿಂಡಿ ಕಂಡರೆ ಅದು ಇನ್ನು ನೋಡುವ ಸೀರೆ, ಉಡುವ ಸೀರೆ ಅಲ್ಲ. ಗಟ್ಟಿ ಇದ್ದರೆ ಧಾರಾಳವಾಗಿ ಉಡಿ, ಅದನ್ನು ನೇಯ್ದದ್ದೇ ಅದಕ್ಕೆ. ಸೆಂಟು ಹೊಡೆದು ಆರಿದ ಮೇಲೆ ಸೀರೆ ಉಡಿ. ಸೆರಗಿಗೆ ಪಿನ್ ಚುಚ್ಚುವ ಕಡೆ ಒಳಗೆ ಸಣ್ಣ ಬಟ್ಟೆ ತುಂಡು ಇಡಿ. ಬಿಗಿಯಾಗಿ ಹೊಲಿದ ಹಳೆ ಫಾಲ್ಸ್ ರೇಷ್ಮೆಯನ್ನು ಎಳೆಯುತ್ತಿದ್ದರೆ ಬಿಚ್ಚಿ ತೆಗೆದು, ತೊಳೆದು ಕುಗ್ಗಿಸಿದ ಹತ್ತಿ ಫಾಲ್ಸ್ ಹೊಲಿಸಿ. ಕಳಚಿದ ರಾತ್ರಿಯೇ ಮಡಚಿಡಬೇಡಿ. ಹಗ್ಗದ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಅದರ ಮೇಲೆ ಸೀರೆ ಹರಡಿ, ಬೆವರು ಆರಿದ ಮೇಲೆ ಹೊಸ ಮಡಿಕೆಯಲ್ಲಿ ಒಳಗಿಡಿ.